ಆ ಸೇತುವೆ ಎಷ್ಟು ಎತ್ತರ ಇತ್ತು?

ಎಲ್ಲರಿಗೂ ನಮಸ್ಕಾರ. ನವೆಂಬರ್ ತಿಂಗಳು ನಮ್ಮ ಕಥೋಲಿಕರಲ್ಲಿ ತೀರಿಹೋದವರ ತಿಂಗಳು. ಸಿಮಿತ್ರಿಗೆ, ಅಂದರೆ ಸಮಾಧಿಗಳಿರುವಲ್ಲಿಗೆ, ಹೋಗಿ ಮೇಣದಬತ್ತಿ ಹಚ್ಚಿ ಬಂದಿದ್ದೀರಿ. ಹಾಗಾಗಿ ಈ ಸಂಜೆ ನರಕದ ಬಗ್ಗೆ ಮಾತಾಡು ಅಂತ ಸಂಘದವರು ಕೇಳಿದಾಗ ನಾನು ಎರಡನೇ ಮಾತಿಲ್ಲದೆ ಒಪ್ಪಿಕೊಂಡೆ. ನಲವತ್ತು ವರ್ಷದಿಂದ ಒಂದು ಪ್ರಶ್ನೆ ನನ್ನ ಜೊತೆ ಇದೆ. ಅದನ್ನು ಎಲ್ಲಾದರೂ ನಾಲ್ಕು ಜನರ ಎದುರು ಹೇಳಬೇಕಿತ್ತು.

1983ರ ಆಗಸ್ಟ್. ಮುಂಬೈಯ ಮಝಗಾಂವ್‌ನ ನಮ್ಮ ಚಾಳಿನಲ್ಲಿ, ನಮ್ಮ ಖೋಲಿಯಿಂದ ಮೂರನೇ ಬಾಗಿಲು. ಮಂಗಳೂರು ಕಡೆಯ ಒಬ್ಬ ವಿಧವೆ, ಅವರ ಒಬ್ಬನೇ ಮಗ. ಅವನಿಗೆ ಬಟ್ಟೆ ಮಿಲ್ಲಿನಲ್ಲಿ ಕೆಲಸ. ಮಿಲ್ ಮುಷ್ಕರ 1982ರ ಜನವರಿ 18ಕ್ಕೆ ಶುರುವಾದದ್ದು ನಿಮಗೆ ಗೊತ್ತೇ ಇದೆ. ಎರಡೂವರೆ ಲಕ್ಷ ಜನ ಕೆಲಸ ಬಿಟ್ಟು ಕೂತರು. ಹತ್ತೊಂಬತ್ತು ತಿಂಗಳು ಸಂಬಳ ಇಲ್ಲ. ಒಂದು ರಾತ್ರಿ ಆ ಹುಡುಗ ತನ್ನ ಜೀವ ತಾನೇ ಕಳೆದುಕೊಂಡ. ಇಪ್ಪತ್ತಾರು ವರ್ಷ.

ಅವನನ್ನು ಚರ್ಚಿನ ಒಳಗೆ ಕರೆದುಕೊಂಡು ಹೋಗಲು ಬಿಡಲಿಲ್ಲ. ಯಾರು, ಯಾವ ಚರ್ಚು ಅಂತ ಹೇಳುವುದಿಲ್ಲ, ಅವರೂ ಈಗ ಇಲ್ಲ. ಬಲಿಪೂಜೆ ಇಲ್ಲ, ಗಂಟೆ ಇಲ್ಲ. ಶಿವ್ಡಿಯ ಸಿಮಿತ್ರಿಯಲ್ಲಿ ಗೋಡೆ ಪಕ್ಕ ನಾವು ಹನ್ನೊಂದು ಜನ ಮಣ್ಣು ಹಾಕಿದೆವು. ಮಳೆ ಬರುತ್ತಿತ್ತು. ವಾಪಸ್ ಬರುವಾಗ ಅವನ ತಾಯಿ, ನಾವು ಮಾವ್ಶಿ ಅಂತ ಕರೆಯುತ್ತಿದ್ದವರು, ನನ್ನ ತೋಳು ಹಿಡಿದು ಕೇಳಿದರು: "ಪುತಾ, ನೀನು ಓದಿದವನು. ನನ್ನ ಮಗ ಈಗ ಎಲ್ಲಿದ್ದಾನೆ?"

ನಾನಾಗ ಬ್ಯಾಂಕಿಗೆ ಸೇರಿ ಒಂದು ವರ್ಷ. ಭಾನುವಾರ ಮಕ್ಕಳಿಗೆ ದೊತೊರ್ನ್, ಅಂದರೆ ಧರ್ಮದ ಪಾಠ, ಕಲಿಸುತ್ತಿದ್ದೆ. ಉತ್ತರ ನನಗೆ ಬಾಯಿಪಾಠ ಬರುತ್ತಿತ್ತು: ನರಕದಲ್ಲಿ. ಬಾಯಿ ಮಾತ್ರ ತೆರೆಯಲಿಲ್ಲ.

ಆ ಉತ್ತರ ಬಾಯಿಪಾಠ ಮಾಡಿಸಿದ್ದು ನನ್ನ ಅಜ್ಜಿ. ಊರಿನಲ್ಲಿ ಭತ್ತ ಬೇಯಿಸುವ ದೊಡ್ಡ ತಾಮ್ರದ ಹಂಡೆ ಇತ್ತು. ಅಂಗಳದಲ್ಲಿ ಮೂರು ಕಲ್ಲಿನ ಮೇಲೆ ಇಟ್ಟು, ತೆಂಗಿನ ಮಡಲು ತುರುಕಿ ಉರಿ ಹಾಕುತ್ತಿದ್ದರು. ಹಬೆ ಏಳುವಾಗ ಅಜ್ಜಿ ನನ್ನನ್ನು ಹತ್ತಿರ ಕರೆದು ಹಂಡೆ ತೋರಿಸುತ್ತಿದ್ದರು. "ನೋಡು, ಸುಳ್ಳು ಹೇಳಿದರೆ ಇದರ ಒಳಗೆ. ಹೊರಗೆ ಬರುವ ಹಾಗೇ ಇಲ್ಲ." ನಾನು ಕೇಳಿದೆ, ಅಜ್ಜೀ, ಯಾವಾಗಲೂ ಉರಿಯುವುದಾದರೆ ಅಷ್ಟು ಮಡಲು ಯಾರು ತರುತ್ತಾರೆ? ಅಜ್ಜಿಗೆ ನಗು ತಡೆಯಲಿಲ್ಲ. ಅವತ್ತು ನನಗೆ ಒಂದು ತುಂಡು ಬೆಲ್ಲ ಸಿಕ್ಕಿತು. ಅಜ್ಜಿ ಕೆಟ್ಟವರಲ್ಲ. ಅವರಿಗೂ ಯಾರೋ ಒಂದು ಹಂಡೆ ತೋರಿಸಿದ್ದರು, ಅಷ್ಟೇ.

ಸರಿ, ಶಬ್ದಕ್ಕೆ ಬರೋಣ. ನಮ್ಮ ಕನ್ನಡ ಬೈಬಲಿನಲ್ಲಿ "ನರಕ" ಅಂತಿದೆ. ಈ ಶಬ್ದ ನಮಗೆ ಎಲ್ಲಿಂದ ಬಂತು? ಇಲ್ಲಿ ಕೂತಿರುವ ನಮ್ಮ ಹಿಂದೂ, ಜೈನ ಸ್ನೇಹಿತರ ಮನೆಯಿಂದ. ಅವರ ನರಕದಲ್ಲಿ ಶಿಕ್ಷೆ ಭಯಂಕರ, ಆದರೆ ಅದಕ್ಕೊಂದು ಅವಧಿ ಇದೆ. ಪಾಪದ ಲೆಕ್ಕ ಚುಕ್ತಾ ಆದರೆ ಜೀವ ಮುಂದಿನ ಜನ್ಮಕ್ಕೆ ಹೋಗುತ್ತದೆ. ಬೆಳಿಗ್ಗೆಯ ವಿರಾರ್ ಲೋಕಲ್ಲಿಗೆ ನಾವು ನರಕ ಅಂತೀವಲ್ಲ, ಹಾಗೆ. ಉಸಿರು ಕಟ್ಟುತ್ತದೆ, ಆದರೆ ಇಳಿಯುವ ಸ್ಟೇಷನ್ ಬಂದೇ ಬರುತ್ತದೆ. ನಮ್ಮ ಹಿರಿಯರು ಅದೇ ಶಬ್ದ ತಗೊಂಡು ಅದರೊಳಗೆ ಸ್ಟೇಷನ್ನೇ ಇಲ್ಲದ ಗಾಡಿ ಓಡಿಸಿದರು. ಕೊಂಕಣಿಯಲ್ಲಿ ಇನ್ನೂ ಸ್ವಾರಸ್ಯ ಇದೆ, "ಯೆಮ್ಕೊಂಡ್" ಅಂತೀವಿ. ಯಮನ ಕುಂಡ! ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಮಾಡುವ ಮನೆಯಲ್ಲಿ ಯಮನಿಗೂ ಒಂದು ಜಾಗ ಕೊಟ್ಟಿದ್ದೇವೆ.

ಬೈಬಲಿನ ಮೂಲಕ್ಕೆ ಹೋದರೆ ಒಂದೇ ಶಬ್ದ ಇಲ್ಲ. ಹಳೆಯ ಒಡಂಬಡಿಕೆಯಲ್ಲಿ "ಶಿಯೋಲ್". ಅದು ಸತ್ತವರೆಲ್ಲ ಹೋಗುವ ಕತ್ತಲೆ ಜಾಗ, ಒಳ್ಳೆಯವರೂ ಅಲ್ಲಿಗೇ, ಕೆಟ್ಟವರೂ ಅಲ್ಲಿಗೇ. ಕನ್ನಡದಲ್ಲಿ ಅದು "ಪಾತಾಳ". ಯೇಸು ಬಳಸಿದ್ದು ಬೇರೆ ಶಬ್ದ, "ಗೆಹೆನ್ನ". ಹೊಸ ಒಡಂಬಡಿಕೆಯಲ್ಲಿ ಅದು ಹನ್ನೆರಡು ಸಲ ಬರುತ್ತದೆ, ಹನ್ನೊಂದು ಸಲ ಯೇಸುವಿನ ಬಾಯಲ್ಲೇ. ಗೆಹೆನ್ನ ಅಂದರೆ ಒಂದು ಊರಿನ ಜಾಗ. ಜೆರುಸಲೇಮಿನ ದಕ್ಷಿಣಕ್ಕಿರುವ ಹಿನ್ನೋಮ್ ಕಣಿವೆ. ಇವತ್ತು ಅಲ್ಲಿಗೆ ಹೋದರೆ ಹುಲ್ಲು, ಮರ ಕಾಣುತ್ತದೆ.

ಆ ಕಣಿವೆಗೆ ಯಾಕೆ ಕೆಟ್ಟ ಹೆಸರು? ಆಹಾಜ್, ಮನಸ್ಸೆ ಎಂಬ ರಾಜರು ತಮ್ಮ ಸ್ವಂತ ಮಕ್ಕಳನ್ನು ಅಲ್ಲಿ ಬೆಂಕಿಗೆ ಕೊಟ್ಟರು. ದೇವರಿಗೆ ಖುಷಿಯಾಗುತ್ತದೆ ಅಂತ. ಅದಕ್ಕೆ ದೇವರು ಏನು ಹೇಳಿದ ಅಂತ ಯೆರೆಮೀಯನ ಏಳನೇ ಅಧ್ಯಾಯದಲ್ಲಿ ಓದಿ. ನಾನು ಇದನ್ನು ಹೇಳಿಲ್ಲ, ಇದು ನನ್ನ ಮನಸ್ಸಿಗೂ ಬಂದಿಲ್ಲ ಅನ್ನುತ್ತಾನೆ. ಇದನ್ನು ನಾನು ಮೊದಲು ಓದಿದಾಗ ರಾತ್ರಿ ಹತ್ತೂವರೆ. ಪುಸ್ತಕ ಮುಚ್ಚಿ ಗ್ಯಾಲರಿಗೆ ಬಂದು ನಿಂತೆ. ಮಕ್ಕಳನ್ನು ಸುಡುವುದು ನನ್ನ ಮನಸ್ಸಿಗೇ ಬಂದಿಲ್ಲ ಅಂದ ದೇವರು, ಮೂರನೇ ಬಾಗಿಲಿನ ಆ ಹುಡುಗನನ್ನು ಎಂದೆಂದಿಗೂ ಸುಡುತ್ತಾನಾ?

ನರಕ ಇಲ್ಲ ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳುವ ಅಧಿಕಾರ ನನಗಿಲ್ಲ, ಮನಸ್ಸೂ ಇಲ್ಲ. ಬೇಡ ಅಂದವನನ್ನು ದೇವರು ಕತ್ತು ಹಿಡಿದು ಸ್ವರ್ಗಕ್ಕೆ ಎಳೆಯುವುದಿಲ್ಲ. ಪೋಪ್ ಎರಡನೇ ಜಾನ್ ಪೌಲ್ 1999ರ ಜುಲೈ 28ರಂದು ಇದನ್ನೇ ಹೇಳಿದರು. ನರಕ ಅಂದರೆ ಒಂದು ಜಾಗ ಅನ್ನುವುದಕ್ಕಿಂತ, ದೇವರಿಂದ ತಾನಾಗಿ, ಪೂರ್ತಿಯಾಗಿ ದೂರ ಹೋದವರ ಸ್ಥಿತಿ ಅಂತ. ಬಾಗಿಲು ಒಳಗಿನಿಂದ ಹಾಕಿಕೊಳ್ಳುವುದು ಸಾಧ್ಯ. ಆದರೆ ಯಾರು ಹಾಕಿಕೊಂಡರು ಅಂತ ಹೊರಗೆ ನಿಂತ ನಮಗೆ ಹೇಗೆ ಗೊತ್ತು?

ನನ್ನ ಮುಖ್ಯ ಮಾತು ಇದು, ಮತ್ತೆ ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಮ್ಮ ಕಥೋಲಿಕ ಧರ್ಮಸಭೆಯ ಹತ್ತಿರ ಸಂತರ ಪಟ್ಟಿ ಇದೆ. ನಮ್ಮ ವಸಾಯಿಯ ಗೊನ್ಸಾಲೊ ಗಾರ್ಸಿಯಾ, 1862ರಲ್ಲಿ ಸಂತರಾದರು. ಗೋವಾದ ಜೋಸೆಫ್ ವಾಜ್, ನಮ್ಮ ಕೆನರಾದ ಊರೂರು ನಡೆದವರು, 2015ರಲ್ಲಿ. ಎರಡನೇ ಜಾನ್ ಪೌಲ್ ಒಬ್ಬರೇ 482 ಜನರನ್ನು ಸಂತರೆಂದು ಸಾರಿದರು. ಇವರೆಲ್ಲ ಸ್ವರ್ಗದಲ್ಲಿದ್ದಾರೆ ಅಂತ ಹೆಸರು ಹಿಡಿದು ಹೇಳುತ್ತೇವೆ. ಇನ್ನೊಂದು ಕಡೆಯ ಪಟ್ಟಿ ಎಲ್ಲಿದೆ? ಇಲ್ಲ! ಇಷ್ಟು ಶತಮಾನದಲ್ಲಿ ಇಂಥವನು ನರಕದಲ್ಲಿದ್ದಾನೆ ಅಂತ ಧರ್ಮಸಭೆ ಒಬ್ಬರ ಹೆಸರನ್ನೂ ಹೇಳಿಲ್ಲ. ಯೇಸುವನ್ನು ಹಿಡಿದುಕೊಟ್ಟ ಯೂದನ ಹೆಸರನ್ನೂ ಹೇಳಿಲ್ಲ. ರೋಮ್ ಬರೆಯದ ಪಟ್ಟಿಯನ್ನು ನಮ್ಮ ಚಾಳಿನ ಮೆಟ್ಟಿಲ ಮೇಲೆ ಕೂತು ಬರೆದವರು ನಾವು.

ಮನುಷ್ಯ ಆ ಪಟ್ಟಿ ಬರೆಯಲು ಕೂತರೆ ಏನಾಗುತ್ತದೆ ಅಂತ ನೋಡಲು ದೂರ ಹೋಗಬೇಕಾಗಿಲ್ಲ. ಗೋವಾದಲ್ಲಿ 1560ರಿಂದ 1812ರವರೆಗೆ, ನಡುವೆ ನಾಲ್ಕು ವರ್ಷ ಬಿಟ್ಟು, ಧರ್ಮವಿಚಾರಣೆ, ಅಂದರೆ ಇನ್‌ಕ್ವಿಸಿಷನ್, ನಡೆಯಿತು. ಶಾರ್ಲ್ ಡೆಲ್ಲೊನ್ ಎಂಬ ಫ್ರೆಂಚ್ ವೈದ್ಯ ಅಲ್ಲಿ ಸೆರೆಯಲ್ಲಿದ್ದು, 1676ರಲ್ಲಿ ಶಿಕ್ಷೆ ಕೇಳಿ, ಆಮೇಲೆ ಅದನ್ನೆಲ್ಲ ಬರೆದ. ಸುಡಲು ಕರೆದುಕೊಂಡು ಹೋಗುವವರಿಗೆ ಒಂದು ಅಂಗಿ ತೊಡಿಸುತ್ತಿದ್ದರು. ಅದರ ಮೇಲೆ ಬೆಂಕಿಯ ನಾಲಗೆ, ಪಿಶಾಚಿಗಳ ಚಿತ್ರ. ತಪ್ಪೊಪ್ಪಿ ಜೀವ ಉಳಿಸಿಕೊಂಡವರ ಅಂಗಿಯಲ್ಲಿ ಬೆಂಕಿ ತಲೆಕೆಳಗಾಗಿ. ಯೋಚನೆ ಮಾಡಿ, ಒಬ್ಬ ಚಿತ್ರಗಾರ ಕೂತು, ಬಣ್ಣ ಕಲಸಿ, ಜೀವಂತ ಮನುಷ್ಯನ ಬಟ್ಟೆ ಮೇಲೆ ನರಕ ಬರೆದಿದ್ದಾನೆ. ಈಗ ಅದೇ ಕೆಲಸ ಮೊಬೈಲಿನಲ್ಲಿ, ನರಕದ ವಿಡಿಯೊಗಳಲ್ಲಿ ನಡೆಯುತ್ತಿದೆ. ಏಳು ವರ್ಷದ ಮಕ್ಕಳು ಆ ವಿಡಿಯೊ ನೋಡಿ ರಾತ್ರಿ ಹಾಸಿಗೆ ಒದ್ದೆ ಮಾಡುತ್ತಾರೆ ಅಂತ ತಾಯಂದಿರು ನನ್ನ ಹತ್ತಿರ ಹೇಳಿದ್ದಾರೆ. ದಯವಿಟ್ಟು ಕಳಿಸಬೇಡಿ.

ದೊಡ್ಡ ದೇವಶಾಸ್ತ್ರಜ್ಞರ ವಾದ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಮೂರನೇ ಶತಮಾನದ ಓರಿಜೆನ್, ಕೊನೆಗೆ ಎಲ್ಲವೂ ದೇವರ ಹತ್ತಿರ ವಾಪಸ್ ಬರುತ್ತದೆ ಅಂದ. ಅವನ ಹೆಸರಿನ ಆ ಬೋಧನೆಯನ್ನು ಆರನೇ ಶತಮಾನದಲ್ಲಿ ಖಂಡಿಸಿದರು. ಅಗಸ್ಟೀನನ ವಾದ ಗಟ್ಟಿ. ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿ "ನಿತ್ಯಜೀವ", "ನಿತ್ಯದಂಡನೆ" ಎರಡಕ್ಕೂ ಒಂದೇ ಗ್ರೀಕ್ ಶಬ್ದ ಇದೆ, ಒಂದನ್ನು ಚಿಕ್ಕದು ಮಾಡಿದರೆ ಇನ್ನೊಂದೂ ಚಿಕ್ಕದಾಗುತ್ತದೆ ಅಂದ. ಇದನ್ನು ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ. ಏಳನೇ ಶತಮಾನದ ನಿನೆವೆಯ ಈಸಾಕ್, ನರಕದಲ್ಲಿರುವವರನ್ನು ಹೊಡೆಯುವುದು ಪ್ರೀತಿಯ ಚಾಟಿ ಅಂದ. ನನಗೆ ಈಸಾಕ್ ಹತ್ತಿರದವನು.

ಆದರೆ ಅದೇ ಮತ್ತಾಯ 25ನ್ನು ಸ್ವಲ್ಪ ಮೇಲಿನಿಂದ ಓದಿ. ಆ ದಂಡನೆ ಯಾರಿಗೆ? ಹಸಿದವನಿಗೆ ಊಟ ಕೊಡದವನಿಗೆ. ಪರದೇಶಿಯನ್ನು ಮನೆಗೆ ಸೇರಿಸದವನಿಗೆ. ಹತ್ತೊಂಬತ್ತು ತಿಂಗಳು ಮಾವ್ಶಿಯ ಒಲೆ ಹತ್ತದ ದಿನಗಳು ನಮಗೆಲ್ಲ ಗೊತ್ತಿದ್ದವು. ಆ ಅಧ್ಯಾಯ ಆ ಹುಡುಗನ ಬಗ್ಗೆ ಅಲ್ಲ. ಉಳಿದ ಬಾಗಿಲುಗಳ ಬಗ್ಗೆ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಐದು ನಿಮಿಷ ಇದೆ. ಶುದ್ಧೀಕರಣ ಸ್ಥಳದ ಬಗ್ಗೆ ಬರೆದುಕೊಂಡು ಬಂದದ್ದು ಹಾಗೇ ಇರಲಿ. ಜ್ಞಾನಸ್ನಾನ ಆಗದೆ ತೀರಿಕೊಂಡ ಕೂಸುಗಳ ವಿಷಯ ಮಾತ್ರ ಹೇಳುತ್ತೇನೆ. ಅವುಗಳಿಗೆ ರಕ್ಷಣೆ ಸಿಗುತ್ತದೆ ಅಂತ ಆಶಿಸಲು ಗಟ್ಟಿ ಕಾರಣ ಇದೆ ಅಂತ ವ್ಯಾಟಿಕನ್ನಿನ ದೇವಶಾಸ್ತ್ರ ಆಯೋಗ 2007ರಲ್ಲಿ ಹೇಳಿತು. ಮನೆಯಲ್ಲಿ ಅಂಥ ನೋವು ಇದ್ದವರಿಗೆ ತಿಳಿಸಿ.

ಇನ್ನು ಆ ಹುಡುಗನ ವಿಷಯ. ಧರ್ಮಸಭೆಯ 1917ರ ಕಾನೂನಿನಲ್ಲಿ, ಬುದ್ಧಿ ಸ್ಥಿಮಿತದಲ್ಲಿದ್ದು, ತಿಳಿದೂ ತಿಳಿದೂ ಜೀವ ಕಳೆದುಕೊಂಡವರಿಗೆ ಚರ್ಚಿನ ಅಂತ್ಯಕ್ರಿಯೆ ಇರಲಿಲ್ಲ. ಸ್ಥಿಮಿತ ಇತ್ತಾ ಇಲ್ವಾ ಅಂತ ಅವತ್ತು ಯಾರೂ ಕೇಳಲೇ ಇಲ್ಲ. ಹೊಸ ಕಾನೂನು ಆ ಸಾಲನ್ನೇ ತೆಗೆದುಹಾಕಿತು. ಅದು ಜಾರಿಗೆ ಬಂದದ್ದು ಯಾವಾಗ ಗೊತ್ತಾ? 1983ರ ನವೆಂಬರ್ 27. ಅವನನ್ನು ಹೂಳಿ ಮೂರು ತಿಂಗಳು. 1992ರ ಧರ್ಮೋಪದೇಶ, ಅಂದರೆ ಧರ್ಮಸಭೆಯ ಬೋಧನೆಯ ಪುಸ್ತಕ, ಇನ್ನೂ ಮುಂದೆ ಹೋಗಿ, ಹಾಗೆ ತೀರಿಕೊಂಡವರ ರಕ್ಷಣೆಯ ಬಗ್ಗೆ ಆಸೆ ಬಿಡಬಾರದು ಅಂತ ಬರೆಯಿತು. ದೇವರಿಗೆ ಮಾತ್ರ ಗೊತ್ತಿರುವ ದಾರಿ ಇದೆ ಅಂತ.

ಅಷ್ಟು ವರ್ಷವೂ ಮಾವ್ಶಿ ದಿನಾ ಸಂಜೆ ತೇರ್ಸ್ ಮಾಡುತ್ತಿದ್ದರು. ಪ್ರತಿ ಹತ್ತು ನಮೋ ಮರಿಯಾ ಆದ ಮೇಲೆ ಬರುವ ಆ ಸಣ್ಣ ಪ್ರಾರ್ಥನೆ ನಿಮಗೂ ಬಾಯಿಗೆ ಬರುತ್ತದೆ, ಫಾತಿಮಾದ್ದು, 1917ರದ್ದೇ. ನರಕದ ಬೆಂಕಿಯಿಂದ ನಮ್ಮನ್ನು ಕಾಪಾಡು, ಎಲ್ಲ ಆತ್ಮಗಳನ್ನೂ ಸ್ವರ್ಗಕ್ಕೆ ಸೇರಿಸು. ಎಲ್ಲ ಆತ್ಮಗಳನ್ನೂ! ದಿನಕ್ಕೆ ಐದು ಸಲ. ಅವರ ದನಿ ಆ ಸಾಲಿಗೆ ಬಂದಾಗ ಸ್ವಲ್ಪ ಜೋರಾಗುತ್ತಿತ್ತು, ಮೂರನೇ ಬಾಗಿಲು ದಾಟಿ ನಮ್ಮ ಮನೆಗೂ ಕೇಳುತ್ತಿತ್ತು.

ಹೊಸ ಧರ್ಮೋಪದೇಶ ಕೈಗೆ ಸಿಕ್ಕ ದಿನ ಅವರ ಮನೆಗೆ ಓಡಿದೆ. ಓದಿ ಹೇಳಿದೆ. ತಲೆ ಆಡಿಸಿದರು, ಅಷ್ಟೇ. ಆಮೇಲೆ ನಾನು ಆರ್ಸ್ ಎಂಬ ಫ್ರಾನ್ಸಿನ ಹಳ್ಳಿಯ ಗುರು, ಸಂತ ಜಾನ್ ವಿಯಾನ್ನಿಯ ಬಗ್ಗೆ ಹೇಳುವ ಕತೆ ಹೇಳಿದೆ. ಗಂಡ ಸೇತುವೆಯಿಂದ ಹಾರಿ ಸತ್ತ ಒಬ್ಬ ಹೆಂಗಸು ಅಲ್ಲಿಗೆ ಬಂದಿದ್ದಳು. ಚರ್ಚಿನ ತುಂಬ ಜನ. ಗುರುಗಳು ಎದ್ದು, ಜನರ ನಡುವೆ ದಾರಿ ಮಾಡಿಕೊಂಡು ನೇರ ಅವಳ ಹತ್ತಿರ ಬಂದು ಕಿವಿಯಲ್ಲಿ ಹೇಳಿದರು, "ಅವನು ನರಕದಿಂದ ಉಳಿದಿದ್ದಾನೆ." ಅವಳು ಇಲ್ಲ ಅಂತ ತಲೆ ಅಲ್ಲಾಡಿಸಿದಳು. ಅವರು ಮತ್ತೆ ಹೇಳಿದರು, "ಉಳಿದಿದ್ದಾನಮ್ಮ. ಸೇತುವೆಯ ಕಟ್ಟೆಗೂ ನೀರಿಗೂ ನಡುವೆ ಅವನಿಗೆ ಪಶ್ಚಾತ್ತಾಪ ಪಡಲು ಸಮಯ ಇತ್ತು."

ಮಾವ್ಶಿ ಅಕ್ಕಿ ಆರಿಸುತ್ತಿದ್ದರು. ಕೈ ನಿಂತಿತು. ಮೊರದ ಮೇಲೆ ಒಂದು ಕಲ್ಲು ಬೆರಳಿನಲ್ಲಿ ಒತ್ತಿ ಹಿಡಿದುಕೊಂಡೇ ಕೇಳಿದರು:

"ಪುತಾ, ಆ ಸೇತುವೆ ಎಷ್ಟು ಎತ್ತರ ಇತ್ತು?"

ನನಗೆ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ.

"ತುಂಬಾ ಎತ್ತರ, ಮಾವ್ಶಿ," ಅಂದೆ. "ತುಂಬಾನೇ ಎತ್ತರ."