ಮಾವನ ಕಾಲು, ನೇಜಿಯ ಗದ್ದೆ

ಕೇಳುಗರಿಗೆ ನಮಸ್ಕಾರ.

ನಮ್ಮ ಮನೆ ಉಡುಪಿಯ ಹತ್ತಿರ. ಅಮ್ಮ ಬೀಡಿ ಕಟ್ಟುತ್ತಿದ್ದರು. ಮಡಿಲಲ್ಲಿ ಗೆರಸೆ, ಕೈಯಲ್ಲಿ ಕತ್ತರಿ. ಬೀಡಿ ಬಿಡದ ಸೋದರಮಾವನಿಗೆ ನಲವತ್ತು ತುಂಬುವ ಮೊದಲೇ ಕಾಲಿನ ಹೆಬ್ಬೆರಳು ಕಪ್ಪಾಯಿತು. ರಾತ್ರಿಯಿಡೀ ಕಾಲನ್ನು ಮಂಚದಿಂದ ಇಳಿಬಿಟ್ಟು ಕೂತಿರುತ್ತಿದ್ದರು. ಹಾಗೆ ಕೂತರೆ ನೋವು ತುಸು ಕಡಿಮೆ. ಮೊದಲು ಬೆರಳು ಹೋಯಿತು, ಆಮೇಲೆ ಪಾದ. ಬರ್ಗರ್ಸ್ ಕಾಯಿಲೆ ಎಂದರು ಡಾಕ್ಟರು. ತಂಬಾಕು ಸೇದುವವರಲ್ಲಿ ಕೈಕಾಲಿನ ರಕ್ತನಾಳ ಕಟ್ಟಿಕೊಳ್ಳುವ ರೋಗ ಅದು.

ಈ ಕಾಯಿಲೆಗೆಂದೇ ಪ್ರಯೋಗಾಲಯದಲ್ಲಿ ಬೆಳೆಸಿದ ಆಕರಕೋಶಗಳ, ಅಂದರೆ ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಸ್ಟೆಮ್ ಸೆಲ್‌ಗಳ ಔಷಧಿಗೆ 2016ರಲ್ಲಿ ನಮ್ಮ ದೇಶದಲ್ಲಿ ಷರತ್ತಿನ ಅನುಮತಿ ಸಿಕ್ಕಿತು. ಅದನ್ನು ರೂಪಿಸಿದ್ದು ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್, ನಮ್ಮ ಮಣಿಪಾಲದ ಸಮೂಹವೇ ಹುಟ್ಟುಹಾಕಿದ ಸಂಸ್ಥೆ. ಸುದ್ದಿ ಓದಿದ ದಿನ ನನಗೆ ನೆನಪಾದದ್ದು ಮಾವನ ಆ ಮಂಚ.

ಕೋಶ ಬೆಳೆಸುವ ಕೆಲಸ ನಮ್ಮ ಬೇಸಾಯದವರಿಗೆ ಬೇಗ ಅರ್ಥವಾಗುತ್ತದೆ. ಆರೋಗ್ಯವಂತ ದಾನಿಯ ಸೊಂಟದ ಮೂಳೆಯಿಂದ ಸ್ವಲ್ಪ ಮಜ್ಜೆ ತೆಗೆಯುತ್ತಾರೆ. ಅದರಲ್ಲಿ ಬೇಕಾದ ಕೋಶಗಳು ಬೆರಳೆಣಿಕೆಯಷ್ಟೇ ಅನ್ನಬೇಕು. ಪೋಷಕ ದ್ರಾವಣ ತುಂಬಿದ ಪಾತ್ರೆಗೆ ಹಾಕಿದರೆ ಅವು ತಳಕ್ಕೆ ಅಂಟಿ ಬೇರೂರುತ್ತವೆ. ಶಾಖ 37 ಡಿಗ್ರಿ, ನಮ್ಮ ಮೈಯದ್ದೇ. ಗಾಳಿಯಲ್ಲಿ ನೂರಕ್ಕೆ 5 ಪಾಲು ಇಂಗಾಲದ ಡೈಆಕ್ಸೈಡ್. ತಳವೆಲ್ಲ ತುಂಬಿ ಒತ್ತೊತ್ತಾದರೆ ಬೆಳವಣಿಗೆ ನಿಂತೇ ಹೋಗುತ್ತದೆ. ಆಗ ನೇಜಿ, ಅಂದರೆ ಭತ್ತದ ಸಸಿ, ಕಿತ್ತು ಬೇರೆ ಗದ್ದೆಗೆ ನೆಟ್ಟ ಹಾಗೆ, ಕಿಣ್ವ ಹಾಕಿ ಮೆಲ್ಲಗೆ ಬಿಡಿಸಿ ಹೊಸ ಪಾತ್ರೆಗಳಿಗೆ ಹಂಚಬೇಕು. ಬೂಷ್ಟಿನ ಒಂದು ಕಣ ಬಿದ್ದರೂ ಇಡೀ ಬೆಳೆ ಹಾಳು. ಬೆಳೆದದ್ದನ್ನು ದ್ರವ ಸಾರಜನಕದ ಚಳಿಯಲ್ಲಿ ಕಾಪಿಡುತ್ತಾರೆ.

ಆ ಕೋಶಗಳನ್ನು ರೋಗಿಯ ಮೀನಖಂಡಕ್ಕೆ ಚುಚ್ಚುತ್ತಾರೆ. ಅವು ಸ್ರವಿಸುವ ಅಂಶಗಳು ಹೊಸ ಕಿರುನಾಳಗಳು ಚಿಗುರಲು ನೆರವಾಗುತ್ತವೆ. ಹೋದ ಪಾದ ಮಾತ್ರ ಮತ್ತೆ ಮೊಳೆಯುವುದಿಲ್ಲ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಪಾದ ಕಳೆದುಕೊಂಡ ಮಾವನಿಗೆ ಒಂದು ಕಡೆ, "ಸ್ಟೆಮ್ ಸೆಲ್ ಹಾಕಿದರೆ ಎಲ್ಲ ಸರಿಯಾಗುತ್ತದೆ" ಎಂದು ಲಕ್ಷಗಟ್ಟಲೆ ಕೇಳಿದ್ದರು. ಅತ್ತೆ ಬಳೆ ಅಡವಿಡಲು ಹೊರಟಿದ್ದರು. ರಕ್ತದ ಕಾಯಿಲೆಗಳಿಗೆ ಮಾಡುವ ಮಜ್ಜೆ ಕಸಿಯೂ ಆಕರಕೋಶಗಳದ್ದೇ, ಅದು ದಶಕಗಳಿಂದ ಸಾಬೀತಾದ ಚಿಕಿತ್ಸೆ. ಅನುಮತಿ ಸಿಗದ ಉಳಿದ ಬಳಕೆಗಳು, ನಮ್ಮ ದೇಶದ 2017ರ ಮಾರ್ಗಸೂಚಿಯಂತೆ, ನೋಂದಾಯಿತ ಪ್ರಯೋಗದೊಳಗೇ ನಡೆಯಬೇಕು. ಪ್ರಯೋಗಕ್ಕೆ ರೋಗಿಯಿಂದ ದುಡ್ಡು ಪಡೆಯುವ ಹಾಗಿಲ್ಲ. ನಿಮ್ಮ ಮನೆಯವರಿಗೆ ಯಾರಾದರೂ ಹೀಗೆ ಹೇಳಿದರೆ ಆ ಪ್ರಯೋಗದ ನೋಂದಣಿ ಸಂಖ್ಯೆ ಕೇಳಿ. ನಮ್ಮ ಅತ್ತೆ ಕೇಳಿದ್ದರು. ಬಳೆ ಈಗಲೂ ಅವರ ಕೈಯಲ್ಲಿದೆ.