ಇಂಟರ್‌ವ್ಯೂ ಮಧ್ಯಾಹ್ನ ಎರಡಕ್ಕೆ, ಮಗು ಮಲಗಿದ ಮೇಲೆ

ಭಾನುವಾರ ಕಬ್ಬನ್ ಪಾರ್ಕಿನೊಳಗೆ ಗಾಡಿ ಬಿಡುವುದಿಲ್ಲ. ಕೈ ಬಿಟ್ಟರೆ ಓಡುವ ವಯಸ್ಸಿನ ಮಕ್ಕಳ ಅಮ್ಮಂದಿರಿಗೆ ಇಷ್ಟು ಸಾಕು. ನಾವು ನಾಲ್ವರು ಗೆಳತಿಯರು ಬಾಲಭವನದ ಹತ್ತಿರ ಮರದ ಕೆಳಗೆ ಚಾಪೆ ಹಾಸಿದ್ದೇವೆ, ಇವತ್ತಿನ ವಿಡಿಯೋ ಇಲ್ಲಿಂದಲೇ. ಡಬ್ಬಿಯಲ್ಲಿ ಚಿತ್ರಾನ್ನ, ಕೋಡುಬಳೆ ಇದೆ. ಮಕ್ಕಳಿಗೆ ಅದು ಯಾವುದೂ ಬೇಡ, ಮಣ್ಣು ಬೇಕು.

ನಾಲ್ವರಲ್ಲಿ ಇಬ್ಬರು ಕೆಲಸ ಹುಡುಕುತ್ತಿದ್ದೇವೆ. ಒಬ್ಬಳು ಎಚ್‌ಆರ್, ಅಂದರೆ ಕಂಪನಿಗೆ ಜನರನ್ನು ಆರಿಸುವವಳು. ಇನ್ನೊಬ್ಬಳಿಗೆ ಈಗ ಐದನೇ ತಿಂಗಳು, ಎರಡನೇ ಮಗು. ಹಾಗಾಗಿ ಮಾತು ರೆಸ್ಯೂಮೆಯಿಂದ ಡೈಪರ್‌ಗೆ, ಡೈಪರ್‌ನಿಂದ ಸಂಬಳಕ್ಕೆ ಹಾರುತ್ತಲೇ ಇರುತ್ತದೆ.

ಈ ಶಾಟ್‌ನಲ್ಲಿ ಕಾಣುವ ಹಳದಿ ಬೆರಳು ನಮ್ಮ ಎಚ್‌ಆರ್ ಮೇಡಂದು. ಚಿತ್ರಾನ್ನದ ಕೈಯಲ್ಲೇ ನನ್ನ ಫೋನ್ ಹಿಡಿದು ರೆಸ್ಯೂಮೆ ಓದುತ್ತಿದ್ದಾಳೆ. "ಎರಡು ಕಾಲಂ ಯಾಕೆ? ಫೋಟೋ ಯಾಕೆ? ಇದನ್ನೇನು ಮದುವೆ ಬ್ರೋಕರ್‌ಗೆ ಕಳಿಸ್ತೀಯೇನೇ?" ದೊಡ್ಡ ಕಂಪನಿಗಳಲ್ಲಿ ರೆಸ್ಯೂಮೆಯನ್ನು ಮೊದಲು ಸಾಫ್ಟ್‌ವೇರ್ ಓದುತ್ತದೆ. ಟೇಬಲ್, ಕಾಲಂ, ಬಣ್ಣದ ಡಬ್ಬಗಳಿದ್ದರೆ ಅದಕ್ಕೆ ಗೊಂದಲ. ಸಾದಾ ಒಂದೇ ಕಾಲಂ ಇರಲಿ, ಜಾಹೀರಾತಿನಲ್ಲಿ ಕೇಳಿದ ಕೆಲಸ ನಿನಗೆ ನಿಜವಾಗಿ ಬರುವುದಾದರೆ ಅದೇ ಪದದಲ್ಲಿ ಬರೆ ಅಂದಳು.

ಆಮೇಲೆ ಗ್ಯಾಪ್, ಅಂದರೆ ಕೆಲಸ ಬಿಟ್ಟು ಮನೆಯಲ್ಲಿದ್ದ ಸಮಯದ ವಿಷಯ. "ಮಗು ನೋಡ್ಕೊಂಡೆ ಅಂತ ಒಂದು ಸಾಲು ಬರಿ, ಸಾಕು. ತಪ್ಪು ಒಪ್ಕೊಳ್ಳೋರ ಥರ ಪ್ಯಾರಾಗ್ರಾಫ್ ಬೇಡ ಕಣೇ." ಅದಕ್ಕಿಂತ ಉಪಯೋಗದ ಮಾತು ಇನ್ನೊಂದು ಹೇಳಿದಳು. ಬೆಂಗಳೂರಿನ ಐಟಿ ಕಂಪನಿಗಳಲ್ಲಿ 60 ದಿನ, 90 ದಿನ ನೋಟಿಸ್ ಪೀರಿಯಡ್ ಮಾಮೂಲು, ಅಂದರೆ ರಾಜೀನಾಮೆ ಕೊಟ್ಟ ಮೇಲೂ ಅಷ್ಟು ದಿನ ಹಳೇ ಕಂಪನಿಯಲ್ಲೇ ಇರಬೇಕು. ಜನ ಬೇಗ ಸಿಗುವುದಿಲ್ಲ ಎಂದು ಮ್ಯಾನೇಜರ್‌ಗಳು ತಲೆ ಚಚ್ಚಿಕೊಳ್ಳುತ್ತಾರೆ. ಮನೆಯಲ್ಲಿರುವ ನಮಗೆ ಯಾವ ನೋಟಿಸೂ ಇಲ್ಲ. ಅದನ್ನು ರೆಸ್ಯೂಮೆಯ ತಲೆಯ ಮೇಲೇ ಬರೆಯಬೇಕಂತೆ: ತಕ್ಷಣ ಸೇರಬಹುದು. ನಾನು ಇದನ್ನು ಒಂದು ಅನುಕೂಲ ಅಂತ ಯೋಚಿಸಿಯೇ ಇರಲಿಲ್ಲ.

ಇಂಟರ್‌ವ್ಯೂ ಟೈಮ್ ಬಗ್ಗೆ ಎಲ್ಲರದ್ದೂ ಒಂದೇ ಅಭಿಪ್ರಾಯ. ಒಂದರಿಂದ ಎರಡು ವರ್ಷದ ಮಕ್ಕಳಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು. ಆ ಹಗಲಿನ ನಿದ್ದೆಯೇ ನಮ್ಮ ಆಫೀಸ್ ಟೈಮ್. ಕಂಪನಿಯ ಎಚ್‌ಆರ್ ಫೋನ್ ಮಾಡಿ ಯಾವಾಗ ಆಗುತ್ತೆ ಅಂತ ಕೇಳಿದರೆ "ಯಾವಾಗ ಬೇಕಾದರೂ" ಅನ್ನಬೇಡಿ, ಮಧ್ಯಾಹ್ನ ಎರಡು ಗಂಟೆ ಅನ್ನಿ. ಕಾಲಿಂಗ್ ಬೆಲ್ ಸ್ವಿಚ್ ಆಫ್ ಮಾಡಿ. ಕುಕ್ಕರ್ ಅಂತೂ ಇಡಲೇಬೇಡಿ.

ಇಲ್ಲಿ ಸ್ವಲ್ಪ ತಡೀರಿ, ಹಿಂದೆ ಕೇಳ್ತಿರೋ ಕಿರುಚಾಟ ನನ್ನ ಮಗಳದ್ದು. ಸಾಕ್ಸ್ ಬೇಡವಂತೆ. ನಾನು ಹಾಕು, ಹಾಕು ಅಂದಷ್ಟೂ ಕಾಲು ಮಡಚಿಕೊಳ್ಳುತ್ತಾಳೆ. ಐದನೇ ತಿಂಗಳ ಗೆಳತಿ ನಿಧಾನಕ್ಕೆ ಪಕ್ಕ ಕೂತು ಕೇಳಿದಳು: "ಪುಟ್ಟಿ, ಮೊದಲು ಈ ಕಾಲಿಗಾ, ಆ ಕಾಲಿಗಾ?" ಮಗಳು ಅಳು ನಿಲ್ಲಿಸಿದಳು. ಎರಡೂ ಕಾಲು ನೋಡಿಕೊಂಡಳು. ಎಡಗಾಲು ಚಾಚಿದಳು. ಹಾಕಿಕೊಳ್ಳಬೇಕೋ ಬೇಡವೋ ಅನ್ನುವ ಪ್ರಶ್ನೆಯನ್ನೇ ಕೇಳಲಿಲ್ಲ, ನೋಡಿದ್ರಾ?

ಮೊಬೈಲ್ ತೋರಿಸಿ ಊಟ ಮಾಡಿಸುವ ವಿಷಯಕ್ಕೆ ಬಂದಾಗ ಎಲ್ಲರಿಗೂ ಅತ್ತೆಯಂದಿರ ನೆನಪಾಯಿತು. ಎರಡು ವರ್ಷ ತುಂಬುವವರೆಗೆ ಸ್ಕ್ರೀನ್ ಬೇಡ, ನಾಲ್ಕರವರೆಗೆ ದಿನಕ್ಕೆ ಒಂದು ಗಂಟೆ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಅತ್ತೆಗೆ ಅದನ್ನು ಹೇಳುವವರು ಯಾರು ಅನ್ನುವುದು ಮಾತ್ರ ತೀರ್ಮಾನವಾಗಲಿಲ್ಲ.

ಇವತ್ತಿನ ನಿಜವಾದ ಜಗಳ ನಡೆದದ್ದು ಡೇಕೇರ್ ಬಗ್ಗೆ. ಮನೆ ಹತ್ತಿರವೋ, ಆಫೀಸ್ ಹತ್ತಿರವೋ? 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ಕ್ರೆಶ್ ವ್ಯವಸ್ಥೆ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿಯಾದಾಗ ಬಂದ ನಿಯಮ ಇದು. ಆಫರ್ ಕೈಗೆ ಬಂದ ಮೇಲೆ ಸಂಕೋಚ ಪಡದೆ ಕೇಳಿ, ಹಕ್ಕು ಅದು. ಆದರೆ ನನ್ನ ಓಟು ಮನೆ ಹತ್ತಿರದ ಡೇಕೇರ್‌ಗೇ. ನೇರಳೆ ಮೆಟ್ರೋ ವೈಟ್‌ಫೀಲ್ಡ್‌ವರೆಗೆ ಹೋಗುತ್ತೆ, ಸರಿ. ಬೆಳಗ್ಗೆ ಒಂಬತ್ತಕ್ಕೆ ಮೆಜೆಸ್ಟಿಕ್‌ನ ಆ ನೂಕುನುಗ್ಗಲಿನಲ್ಲಿ ಮಗು, ಲ್ಯಾಪ್‌ಟಾಪ್, ಊಟದ ಬ್ಯಾಗ್ ಹಿಡಿದು ಹತ್ತುವವರು ಯಾರು? ಮನೆ ಹತ್ತಿರ ಇದ್ದರೆ ಗಂಡನೂ ಹೋಗಿ ಕರ್ಕೊಂಡು ಬರಬಹುದು. ಬರಬೇಕು ಕೂಡ. ನಾಳೆ ನಾನು ಕೆಲಸ ಬದಲಾಯಿಸಿದರೂ ಮಗುವಿನ ಜಾಗ ಬದಲಾಗುವುದಿಲ್ಲ.

ಐದನೇ ತಿಂಗಳ ಗೆಳತಿಗೆ ಈಗಿನ ಕೆಲಸ ಬಿಟ್ಟು ಬೇರೆ ಕಡೆ ಸೇರುವ ಆಸೆ. ಎಚ್‌ಆರ್ ಮೇಡಂ ಕೈ ಅಡ್ಡ ಹಿಡಿದಳು. ಸಂಬಳ ಸಹಿತ ಹೆರಿಗೆ ರಜೆ ಸಿಗಬೇಕಾದರೆ ಹೆರಿಗೆಯ ಹಿಂದಿನ 12 ತಿಂಗಳಲ್ಲಿ ಆ ಕಂಪನಿಯಲ್ಲೇ ಕನಿಷ್ಠ 80 ದಿನ ಕೆಲಸ ಮಾಡಿರಬೇಕು. "ಮೊದಲು ಕ್ಯಾಲೆಂಡರ್ ಎಣಿಸು, ಆಮೇಲೆ ರಾಜೀನಾಮೆ ಬರಿ."

ಇನ್ನೊಂದು ಸಣ್ಣ ವಿಷಯ. ವರ್ಕ್ ಫ್ರಂ ಹೋಮ್ ಕೊಡ್ತೀವಿ, ಲ್ಯಾಪ್‌ಟಾಪ್ ಡೆಪಾಸಿಟ್ ಕಟ್ಟಿ ಅಂತ ವಾಟ್ಸಾಪ್ ಮೆಸೇಜ್ ಬಂದರೆ ಬ್ಲಾಕ್ ಮಾಡಿ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮನೆಯಲ್ಲಿರುವ ಅಮ್ಮಂದಿರು ಅಂದ್ರೆ ಈ ಮೋಸಗಾರರಿಗೆ ಬಲು ಪ್ರೀತಿ.

ಹೊರಡುವಾಗ ಎಚ್‌ಆರ್ ಮೇಡಂ ನನಗೆ ಮತ್ತೊಂದು ಕೆಲಸ ಹಚ್ಚಿದಳು. ಡೇಕೇರ್ ಸೇರಿದ ಹೊಸದರಲ್ಲಿ ಮಕ್ಕಳಿಗೆ ನೆಗಡಿ, ಕೆಮ್ಮು, ಜ್ವರ ಒಂದಾದ ಮೇಲೊಂದು ಬರುತ್ತದೆ. ಅಮ್ಮನೂ ಅದೇ ವಾರ ಹೊಸ ಕೆಲಸಕ್ಕೆ ಸೇರಿದರೆ ಮೊದಲ ತಿಂಗಳೇ ರಜೆ ಕೇಳುವ ಪರಿಸ್ಥಿತಿ. ಅದಕ್ಕೇ ಆಫರ್‌ಗೆ ಕಾಯದೆ ಈಗಲೇ ದಿನಕ್ಕೆ ಎರಡು ಗಂಟೆ ಬಿಟ್ಟು ಅಭ್ಯಾಸ ಮಾಡಿಸು ಅಂದಳು. ಫೀಸ್ ದಂಡ ಅಲ್ವಾ ಅಂದೆ. "ಆ ಎರಡು ಗಂಟೇಲಿ ಅಪ್ಲಿಕೇಶನ್ ಹಾಕು, ದಂಡ ಹೇಗಾಗುತ್ತೆ?"

ನಾಳೆ ಬೆಳಗ್ಗೆ ನಮ್ಮ ರಸ್ತೆಯ ಎರಡು ಡೇಕೇರ್ ನೋಡಿಕೊಂಡು ಬರ್ತೀನಿ. ಕ್ಯಾಮೆರಾ ಒಳಗೆ ಬಿಡ್ತಾರೋ ಇಲ್ವೋ, ಕೇಳಬೇಕು.