ಮೊದಲು ಊರಿನವರು, ಆಮೇಲೆ ಅತಿಥಿ

ಕೇಳುಗರಿಗೆಲ್ಲ ನಮಸ್ಕಾರ. ನಿಮ್ಮ ಮನೆಯ ಅಟ್ಟದಲ್ಲೋ ಬೀರುವಿನ ಮೇಲೋ ಒಂದು ಪಿಟೀಲು ಪೆಟ್ಟಿಗೆ ಇದೆಯಾ? ಮಗಳು ನಾಲ್ಕು ವರ್ಷ ಕಲಿತು, ಎಸ್ಸೆಸ್ಸೆಲ್ಸಿ ಬಂತು ಅಂತ ಎತ್ತಿಟ್ಟದ್ದು? ಹಾಗಿದ್ದರೆ ಇವತ್ತಿನ ಮಾತು ನಿಮಗೇ.

ಸ್ಕಾಟ್ಲೆಂಡಿನಲ್ಲಿ ಅಕಾರ್ಡಿಯನ್ ಮತ್ತು ಫಿಡಲ್ ಕ್ಲಬ್ಬುಗಳಿವೆ. ಸಣ್ಣ ಸಣ್ಣ ಊರುಗಳಲ್ಲೂ ಇವೆ. ಫಿಡಲ್ ಅಂದರೆ ನಮ್ಮ ಪಿಟೀಲೇ. ಅಕಾರ್ಡಿಯನ್ ಅಂದರೆ ಎದೆಗೆ ಕಟ್ಟಿಕೊಂಡು, ತಿದಿ ಎಳೆದು ಒತ್ತಿ ನುಡಿಸುವ ವಾದ್ಯ, ಹಾರ್ಮೋನಿಯಮ್ಮಿನ ದಾಯಾದಿ. ಅಲ್ಲಿಯವರು ಅದನ್ನು ಸುಮ್ನೆ 'ಬಾಕ್ಸ್' ಅನ್ನುತ್ತಾರೆ. ಚಳಿಗಾಲದಲ್ಲಿ ತಿಂಗಳಿಗೊಂದು ಸಂಜೆ ಸೇರುತ್ತಾರೆ. ಹೆಸರಾಂತ ತಂಡವೊಂದನ್ನು ಕರೆಸಿರುತ್ತಾರೆ. ಆದರೆ ಮೊದಲು ನುಡಿಸುವುದು ಊರಿನವರು. ಅತಿಥಿ ಆಮೇಲೆ.

ನಾನು ಹೋಗಿದ್ದು ಪರ್ತ್‌ಶೈರ್ ಕಡೆಯ ಒಂದು ಊರಿಗೆ. ಹೋಟೆಲಿನ ಹಿಂದಿನ ಹಾಲ್, ಮರದ ನೆಲ. ಬಾಗಿಲಲ್ಲೇ ಲಕ್ಕಿ ಡಿಪ್ ಚೀಟಿ ಮಾರುತ್ತಿದ್ದರು. ಒಬ್ಬ ರೈತರು ಎದ್ದು ಬಂದರು. ಎಪ್ಪತ್ತೈದು ದಾಟಿರಬೇಕು. ಬೆರಳುಗಳು ಶುಂಠಿ ಗಡ್ಡೆಯ ಹಾಗೆ, ಗೆಣ್ಣು ಗೆಣ್ಣು. ಅವರು ಬಾಕ್ಸಿನಲ್ಲಿ ಒಂದು ಸ್ಟ್ರಾತ್‌ಸ್ಪೇ ಎತ್ತಿಕೊಂಡರು. ಅದು ಅಲ್ಲಿಯ ಕುಣಿತದ ಗತ್ತು. ಗಿಡ್ಡ ಸ್ವರ ಮೊದಲು ಬಡಿಯುತ್ತದೆ, ಉದ್ದ ಸ್ವರ ಆಮೇಲೆ. ತ-ಕಾ, ತ-ಕಾ. ಕೇಳಿದರೆ ಕಾಲು ಸುಮ್ಮನಿರುವುದಿಲ್ಲ.

ಎರಡನೇ ಭಾಗಕ್ಕೆ ಬರುವಾಗ ಅವರಿಗೆ ಮರೆತುಹೋಯಿತು. ಬೆರಳು ನಿಂತಿತು. ತಿದಿ ಅರ್ಧ ತೆರೆದೇ ಉಳಿಯಿತು. ನನಗೆ ಎದೆ ಧಸಕ್ಕೆಂದಿತು. ಆದರೆ ಪಿಯಾನೋ ನುಡಿಸುತ್ತಿದ್ದ ಹೆಂಗಸು ತಲೆಯೆತ್ತಿ ಅವರ ಮುಖ ನೋಡಿದರು, ಲಯ ಮಾತ್ರ ಬಿಡಲಿಲ್ಲ. ಎಡಗೈಲಿ ಧುಂ, ಬಲಗೈಲಿ ಚಕ್. ಧುಂ ಚಕ್, ಧುಂ ಚಕ್. ಕಾಯುತ್ತಲೇ ಇದ್ದರು. ಸಭೆಯಲ್ಲಿ ಯಾರೂ ನಗಲಿಲ್ಲ, ಯಾರೂ 'ಅಯ್ಯೋ' ಅನ್ನಲಿಲ್ಲ. ಮೇಜಿನ ಕೆಳಗೆ ಬೂಟುಗಳು ತಾಳ ಹಾಕುತ್ತಲೇ ಇದ್ದವು. ಎರಡು ಸುತ್ತು ಕಳೆದ ಮೇಲೆ ಅಜ್ಜ ಸರಿಯಾದ ಜಾಗಕ್ಕೇ ಬಂದು ಸೇರಿಕೊಂಡರು. ಅತಿಥಿ ತಂಡದ ಮುಖ್ಯಸ್ಥರು ಮುಂದಿನ ಸಾಲಿನಲ್ಲಿ ಟೀ ಕಪ್ಪು ಹಿಡಿದು ಇದನ್ನೆಲ್ಲ ಕಿವಿಗೊಟ್ಟು ಕೇಳುತ್ತಿದ್ದರು. ಗೊತ್ತಾಯಿತಲ್ಲ? ದೊಡ್ಡವರು ಕೂತು ಕೇಳಿದರು. ಊರಿನವರು ಮೊದಲು ನುಡಿಸಿದರು.

ಆ ಸೀಮೆಯವರೇ ನೀಲ್ ಗೌ, 1727ರಲ್ಲಿ ಹುಟ್ಟಿದ ದೊಡ್ಡ ಪಿಟೀಲುಗಾರರು. ಕಮಾನನ್ನು ಮೇಲಕ್ಕೆ ತಳ್ಳುವಾಗಿನ ಅವರ ಕಸುವು ಹೆಸರುವಾಸಿ. ಬಾಕ್ಸಿನಲ್ಲಿ ಹೆಸರು ಮಾಡಿದ ಜಿಮ್ಮಿ ಶಾಂಡ್ ಹದಿನಾಲ್ಕಕ್ಕೇ ಕಲ್ಲಿದ್ದಲು ಗಣಿಗೆ ಇಳಿದವರು. 1999ರಲ್ಲಿ ಅವರಿಗೆ ಸರ್ ಪದವಿ ಬಂತು. ಅವರ ಬಗ್ಗೆ ಇನ್ನೂ ಹೇಳಬೇಕಿತ್ತು, ಸಮಯ ಓಡುತ್ತಿದೆ.

ನಮಗೆ ಪಿಟೀಲು ಹೊಸದಲ್ಲ. ಬಾಲುಸ್ವಾಮಿ ದೀಕ್ಷಿತರು ಅದನ್ನು ಮದ್ರಾಸಿನಲ್ಲಿ ಯುರೋಪಿನ ಗುರುವಿನಿಂದ ಕಲಿತು ನಮ್ಮ ಸಂಗೀತಕ್ಕೆ ತಂದರು. ನಮ್ಮ ಮೈಸೂರಿನ ಚೌಡಯ್ಯನವರು ದೂರ ಕೂತವರಿಗೂ ಕೇಳಲಿ ಅಂತ ಪಿಟೀಲಿಗೆ ನಾಲ್ಕರ ಬದಲು ಏಳು ತಂತಿ ಕಟ್ಟಿದರು. ಕೇಳುವವರ ಮೇಲೆ ಅಷ್ಟು ಅಕ್ಕರೆ ಇದ್ದ ನಾಡು ಇದು. ಈಗ ನಾವೇನು ಮಾಡುತ್ತಿದ್ದೇವೆ? ಸೀನಿಯರ್ ಪರೀಕ್ಷೆ ಪಾಸಾಗಲಿ, ಆಮೇಲೆ ನಾಲ್ಕು ಜನರ ಮುಂದೆ ನುಡಿಸಿದರಾಯಿತು ಅನ್ನುತ್ತೇವೆ. ಅಷ್ಟರಲ್ಲಿ ಮಗು ಪಿಟೀಲನ್ನೇ ಬಿಟ್ಟಿರುತ್ತದೆ. ದಯವಿಟ್ಟು ಹೀಗೆ ಮಾಡಬೇಡಿ. ಎರಡು ಗೀತೆ ಬಂದರೆ ಸಾಕು, ನುಡಿಸಲಿ. ತಪ್ಪಿದರೆ ನೀವು ತಾಳ ಬಿಡದೆ ಕಾಯಿರಿ, ಅಷ್ಟೇ.

ಈ ಭಾನುವಾರ ಪೆಟ್ಟಿಗೆ ಇಳಿಸಿ. ಬಿರಡೆ ಜಾರುತ್ತಿದ್ದರೆ ಚೂರು ಸೀಮೆಸುಣ್ಣ ಹಚ್ಚಿ. ತುಕ್ಕು ಹಿಡಿದ ತಂತಿ ಬದಲಾಯಿಸಿ. ಸಂಜೆ ಪಕ್ಕದ ಮನೆಯವರನ್ನು ಕಾಫಿಗೆ ಕರೆಯಿರಿ. ನಮಸ್ಕಾರ.